ಹಳೆ ಪ್ರೋಗ್ರಾಮು, ಹೊಸ ಭಾಷೆ: ಪೈಸೆ ತಪ್ಪುವುದು ಎಲ್ಲಿ?

ಹಳೆಯ ಲೆಕ್ಕದ ಪ್ರೋಗ್ರಾಮುಗಳನ್ನು ಈಗಿನ ಭಾಷೆಗೆ ಹೇಗೆ ತರುವುದೆಂದು ಕೇಳಿ ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಗಡಿಯಾಚೆಯ ಕನ್ನಡಿಗರವು. ಒಂದೇ ಬಗೆಯವನ್ನು ಸೇರಿಸಿ ಏಳಕ್ಕೆ ಉತ್ತರಿಸಿದ್ದೇವೆ. ಮೊದಲನೆಯ ಉತ್ತರ ಉದ್ದವಾಯಿತು. ಉಳಿದವರ ತೊಂದರೆಗಳ ಬೇರೂ ಅಲ್ಲಿಯೇ ಇರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನಮ್ಮ ಅಡಿಕೆ ಅಂಗಡಿಯ ಖರೀದಿ ಚೀಟಿ, ಬೆಳೆಗಾರರ ಖಾತೆ ಎಲ್ಲ ಕ್ಲಿಪ್ಪರಿನಲ್ಲಿ ಬರೆದ ಡಾಸ್ ಪ್ರೋಗ್ರಾಮಿನಲ್ಲಿ ನಡೆಯುತ್ತಿತ್ತು. ಹಳೆ ಕಂಪ್ಯೂಟರು ಕೆಟ್ಟಿತು, ಹೊಸದರಲ್ಲಿ ಅದು ತೆರೆಯುವುದೇ ಇಲ್ಲ. ಅಳಿಯ ಪೈಥಾನಿನಲ್ಲಿ ಹೊಸದಾಗಿ ಬರೆಯುತ್ತಿದ್ದಾನೆ. ದಿನದ ಮೊತ್ತದಲ್ಲಿ ಒಂದೆರಡು ಪೈಸೆ ವ್ಯತ್ಯಾಸ ಬರುತ್ತದೆ, ಕೆಲವರ ಬಾಕಿ ಪೂರ್ತಿ ಬೇರೆಯೇ ಬರುತ್ತದೆ. ತಪ್ಪು ಹಳೆಯದರದ್ದೋ ಹೊಸದರದ್ದೋ?
— ಅಡಿಕೆ ವ್ಯಾಪಾರಿ, ಬದಿಯಡ್ಕ

ಉತ್ತರ: ಮೊದಲು ಅಂಗಡಿ ನಡೆಯಲಿ. 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳನ್ನು ಓಡಿಸುವುದಿಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಹಳೆ ಫೋಲ್ಡರನ್ನು ಇಡಿಯಾಗಿ ಹೊಸ ಯಂತ್ರಕ್ಕೆ ನಕಲು ಮಾಡಿ, ಡಾಸ್‌ಬಾಕ್ಸ್-ಎಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಅದನ್ನು ಸಿ ಡ್ರೈವ್ ಎಂದು ತೋರಿಸಿ ಓಡಿಸಿ. ಬರೀ ಡಾಸ್‌ಬಾಕ್ಸ್ ಆಟಗಳಿಗಾಗಿ ಮಾಡಿದ್ದು, ಅದರಲ್ಲಿ ಪ್ರಿಂಟರಿನ ಸೌಕರ್ಯವಿಲ್ಲ. ‘ಎಕ್ಸ್’ ಇರುವುದರಲ್ಲಿ ಇದೆ. ಒಂದೇ ಯಂತ್ರದಲ್ಲಿ ಮಾತ್ರ ಬಳಸಿ. ಎರಡು ಯಂತ್ರಗಳಿಂದ ಒಂದೇ ಡಿಬಿಎಫ್ (ಲೆಕ್ಕದ ದಾಖಲೆಗಳಿರುವ) ಫೈಲನ್ನು ಹೀಗೆ ತೆರೆದರೆ ಲಾಕ್ ಸರಿಯಾಗಿ ಬೀಳದೆ ಫೈಲು ಕೆಡಬಹುದು. ದಿನಾ ಸಂಜೆ ಪೆನ್‌ಡ್ರೈವಿಗೆ ನಕಲು ತೆಗೆಯಿರಿ.

ಇನ್ನೊಂದು ದಾರಿ ಅಳಿಯನಿಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಹೇಳುತ್ತೇವೆ. ಪಿಆರ್‌ಜಿ ಎಂಬ ಮೂಲ ಫೈಲುಗಳು ನಿಮ್ಮಲ್ಲಿದ್ದರೆ ಪೈಥಾನ್ ಬೇಕಾಗಿಯೇ ಇಲ್ಲದಿರಬಹುದು. ಹಾರ್ಬರ್ ಎಂಬ ಉಚಿತ ಕಂಪೈಲರು ಕ್ಲಿಪ್ಪರ್ ಭಾಷೆಯನ್ನೇ ಓದಿ ಈಗಿನ ವಿಂಡೋಸ್‌ಗೂ ಲಿನಕ್ಸ್‌ಗೂ ಪ್ರೋಗ್ರಾಮು ಮಾಡಿಕೊಡುತ್ತದೆ. ಪರದೆ ಅದೇ ನೀಲಿ ಪರದೆ, ಆದರೆ ಲೆಕ್ಕವೂ ಅದೇ ಲೆಕ್ಕ. ಪೈಥಾನೇ ಆಗಬೇಕೆಂದಿದ್ದರೂ ಹಾರ್ಬರಿನಲ್ಲಿ ಒಂದು ಪ್ರತಿ ಓಡುತ್ತಿರಲಿ, ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ.

ಈಗ ಪೈಸೆಯ ವಿಷಯ. 12.5 ಕಿಲೋ ಅಡಿಕೆ, ಕಿಲೋಗೆ 410.25 ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ 5128.125. ಕ್ಲಿಪ್ಪರಿನ ರೌಂಡ್ ಕೊನೆಯ ಐದನ್ನು ಮೇಲಕ್ಕೆ ತಳ್ಳಿ 5128.13 ಮಾಡುತ್ತದೆ. ಪೈಥಾನಿನ ರೌಂಡ್ ಸರಿಯಾಗಿ ನಡುವೆ ಇರುವ ಸಂಖ್ಯೆಯನ್ನು ಸಮ ಅಂಕಿಯ ಕಡೆಗೆ ತಿರುಗಿಸುತ್ತದೆ, 5128.12 ಕೊಡುತ್ತದೆ. ಎರಡೂ ತಮ್ಮ ತಮ್ಮ ನಿಯಮಕ್ಕೆ ಸರಿ. ಆದರೆ ಬೆಳೆಗಾರರ ಕೈಯಲ್ಲಿರುವ ಚೀಟಿ ಹಳೆಯದರದ್ದು. ಸಾಲದೆಂಬಂತೆ ಪೈಥಾನಿನ ಸಾಮಾನ್ಯ ದಶಮಾಂಶಗಳು (ಫ್ಲೋಟ್) ಒಳಗೆ ದ್ವಿಮಾನದಲ್ಲಿರುತ್ತವೆ. 2.675 ಎಂದು ಬರೆದದ್ದು ಒಳಗೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಎರಡು ಸ್ಥಾನಕ್ಕೆ ತಂದರೆ 2.67 ಆಗುತ್ತದೆ. ಹಣ, ತೂಕ ಎರಡಕ್ಕೂ ಡೆಸಿಮಲ್ ಮಾಡ್ಯೂಲನ್ನೇ ಬಳಸಿ, ಕ್ವಾಂಟೈಜ್ ಮಾಡುವಾಗ (ಅಂದರೆ ಎರಡು ಸ್ಥಾನಕ್ಕೆ ತರುವಾಗ) ‘ರೌಂಡ್ ಹಾಫ್ ಅಪ್’ ಎಂದು ಬಾಯಿಬಿಟ್ಟು ಹೇಳಿ.

ಡಿಬಿಎಫ್ ಫೈಲಿನಲ್ಲಿ ಸಂಖ್ಯೆಗಳು ಅಕ್ಷರಗಳಾಗಿಯೇ ಕೂತಿರುತ್ತವೆ, ಅಂದರೆ 410.25 ಎಂಬುದು ಆರು ಅಕ್ಷರ. ಅದನ್ನು ನೇರ ಡೆಸಿಮಲ್ ಮಾಡಿದರೆ ಏನೂ ಸೋರುವುದಿಲ್ಲ. ಆದರೆ ಡಿಬಿಎಫ್‌ರೀಡ್ ಎಂಬ ಜನಪ್ರಿಯ ಲೈಬ್ರರಿ ದಶಮಾಂಶವಿರುವ ಸಂಖ್ಯೆಯನ್ನು ತಾನಾಗಿಯೇ ಫ್ಲೋಟ್ ಮಾಡಿ ಕೊಡುತ್ತದೆ. ಅದರ ಫೀಲ್ಡ್‌ಪಾರ್ಸರ್ ಕ್ಲಾಸಿನಿಂದ ನಿಮ್ಮದೊಂದು ಕ್ಲಾಸ್ ಮಾಡಿ, ‘ಪಾರ್ಸ್‌ಎನ್’ ಎಂಬ ಒಂದು ಫಂಕ್ಷನನ್ನು ಡೆಸಿಮಲ್ ಕೊಡುವಂತೆ ಬದಲಿಸಿ. ಖಾಲಿ ಜಾಗ ಬಂದರೆ ಸೊನ್ನೆ ಎನ್ನಬೇಕೋ ‘ಇಲ್ಲ’ ಎನ್ನಬೇಕೋ ಎಂಬುದನ್ನೂ ಅಲ್ಲೇ ತೀರ್ಮಾನಿಸಿ. ಸಂಖ್ಯೆ ಇರಬೇಕಾದಲ್ಲಿ ಬರೀ ನಕ್ಷತ್ರ ಚಿಹ್ನೆಗಳು ಕಂಡರೆ ಆ ಫೀಲ್ಡಿನ (ಕಾಲಮಿನ) ಅಗಲಕ್ಕೆ ಹಿಡಿಸದ ಮೊತ್ತವನ್ನು ಎಂದೋ ಬರೆದಿದ್ದಾರೆ ಎಂದರ್ಥ. ಆ ಮೊತ್ತ ಫೈಲಿನಲ್ಲಿ ಇಲ್ಲ, ಹಳೆ ಚೀಟಿಯ ಪ್ರತಿಯಲ್ಲಿ ಹುಡುಕಬೇಕು.

ಬಾಕಿ ಪೂರ್ತಿ ಬೇರೆ ಬರುವುದಕ್ಕೆ ನಮ್ಮ ಮೊದಲ ಅನುಮಾನ ಸಮ ಚಿಹ್ನೆಯ ಮೇಲೆ. ಕ್ಲಿಪ್ಪರ್, ಅದರಂಥದೇ ಫಾಕ್ಸ್‌ಪ್ರೋ ಎರಡರಲ್ಲೂ ‘ಸೆಟ್ ಎಕ್ಸಾಕ್ಟ್’ ಎಂಬ ಗುಂಡಿ ಮೊದಲಿಗೆ ಆಫ್ ಆಗಿರುತ್ತದೆ. ಆಗ ಅಕ್ಷರಗಳನ್ನು ಹೋಲಿಸುವ ಒಂದು ಸಮ ಚಿಹ್ನೆಗೆ ‘ಬಲಗಡೆಯದು ಮುಗಿಯುವವರೆಗೆ ಹೊಂದಿದರೆ ಸಾಕು’ ಎಂದು ಅರ್ಥ. ಬಲಗಡೆ ಕೆ1 ಇದ್ದರೆ ಎಡಗಡೆಯ ಕೆ1, ಕೆ10, ಕೆ17 ಎಲ್ಲವೂ ಸರಿ ಎನಿಸುತ್ತವೆ. ತಿರುವಿ ಬರೆದರೆ, ಅಂದರೆ ಎಡಗಡೆ ಕೆ1, ಬಲಗಡೆ ಕೆ10 ಇದ್ದರೆ ಹೊಂದುವುದಿಲ್ಲ. ಪೈಥಾನಿನ ‘==’ ಒಂದಕ್ಷರ ಹೆಚ್ಚಾದರೂ ಒಪ್ಪುವುದಿಲ್ಲ, ಫೀಲ್ಡಿನ ಕೊನೆಯಲ್ಲಿ ತುಂಬಿಟ್ಟ ಖಾಲಿ ಜಾಗವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಮ್ಮ ಖಾತೆ ಸಂಖ್ಯೆಗಳು ಕೆ001, ಕೆ002 ಎಂದು ಒಂದೇ ಉದ್ದದವಾಗಿದ್ದರೆ ಹಳೆ ಪ್ರೋಗ್ರಾಮು ತಪ್ಪು ಮಾಡಿಲ್ಲ, ಅಳಿಯ ಖಾಲಿ ಜಾಗ ಕಳೆದರೆ ಸಾಕು. ಕೆ1, ಕೆ10 ಎಂದಿದ್ದರೆ ಕೆ1ರವರ ಖಾತೆಗೆ ಬೇರೆಯವರ ಲೆಕ್ಕ ಸೇರುತ್ತಾ ಬಂದಿರಬಹುದು. ಬೇಕೆಂದೇ ಹಾಗೆ ಬರೆದಿರುವುದೂ ಉಂಟು, ಊರಿನ ಮೊದಲಕ್ಷರಗಳಿಂದ ಆ ಊರಿನವರ ಒಟ್ಟು ತೆಗೆಯುವುದು ಹೀಗೆಯೇ. ಅಂಥಲ್ಲಿ ಪೈಥಾನಿನ ‘ಸ್ಟಾರ್ಟ್ಸ್‌ವಿತ್’ ಬೇಕು. ಪ್ರತಿ ಸಮ ಚಿಹ್ನೆಯನ್ನೂ ಒಂದೊಂದಾಗಿ ನೋಡುವುದು ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಎರಡನೆಯ ಅನುಮಾನ ಅಳಿಸಿದ ದಾಖಲೆಗಳ ಮೇಲೆ. ಡಿಬಿಎಫ್‌ನಲ್ಲಿ ಅಳಿಸುವುದೆಂದರೆ ದಾಖಲೆಯ ಮೊದಲ ಬೈಟಿನಲ್ಲಿ ಖಾಲಿ ಜಾಗದ ಬದಲು ನಕ್ಷತ್ರ ಹಾಕುವುದು ಅಷ್ಟೇ. ‘ಪ್ಯಾಕ್’ ಎನ್ನುವವರೆಗೆ ಅದು ಅಲ್ಲೇ ಇರುತ್ತದೆ. ಹಳೆಯವರು ‘ಸೆಟ್ ಡಿಲೀಟೆಡ್ ಆನ್’ ಬರೆಯಲು ಮರೆತಿದ್ದರೆ ಅಳಿಸಿದ ಚೀಟಿಯೂ ಮೊತ್ತಕ್ಕೆ ಸೇರುತ್ತದೆ. ಡಿಬಿಎಫ್‌ರೀಡ್ ಅದನ್ನು ಬಿಟ್ಟು ಓದುತ್ತದೆ. ಮೂರನೆಯದು ಇಂಡೆಕ್ಸ್, ಅಂದರೆ ದಾಖಲೆಗಳನ್ನು ಕ್ರಮದಲ್ಲಿ ತೋರಿಸುವ ಸೂಚಿ: ‘ಯೂನಿಕ್’ ಎಂದು ಮಾಡಿದ ಇಂಡೆಕ್ಸ್ ಎರಡನೆಯ ನಮೂದನ್ನು ತಡೆಯುವುದಿಲ್ಲ, ಪಟ್ಟಿಯಲ್ಲಿ ತೋರಿಸದೆ ಬಚ್ಚಿಡುತ್ತದೆ. ಈಗಿನ ಡೇಟಾಬೇಸುಗಳಲ್ಲಿ ಅದೇ ಪದ ಹಾಕಿದರೆ ಡೇಟಾ ಒಳಗೇ ಹೋಗುವುದಿಲ್ಲ.

ಮೂಲ ಓದುವಾಗ ಒಂದು ಎಚ್ಚರ. ಚರ ಆ ಪ್ರೊಸೀಜರಿನ (ಪ್ರೋಗ್ರಾಮಿನ ಉಪಭಾಗದ) ಒಳಗೇ ಉಳಿಯಲಿ ಎನ್ನುವ ‘ಲೋಕಲ್’ ಎಂಬ ಪದ ಕ್ಲಿಪ್ಪರಿಗೆ ಬಂದದ್ದು 1990ರ 5.0 ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ‘ಸಮ್ಮರ್ 87’ ಆವೃತ್ತಿಯಲ್ಲಿ ಬರೆದದ್ದಾದರೆ ‘ಪಬ್ಲಿಕ್’ ಎಂದು ಹೇಳದ ಚರಗಳೆಲ್ಲ ಪ್ರೈವೇಟ್: ಕರೆದ ಪ್ರೊಸೀಜರಿಗೂ, ಅದು ಕರೆದದ್ದಕ್ಕೂ ಕಾಣುತ್ತವೆ, ಅಲ್ಲಿ ಬದಲಾದರೆ ಇಲ್ಲೂ ಬದಲಾಗುತ್ತವೆ. ಪೈಥಾನಿನ ಫಂಕ್ಷನ್‌ಗಳ ಒಳಗಿನ ಹೆಸರುಗಳು ಹೀಗೆ ಹರಿಯುವುದಿಲ್ಲ. ಪ್ರತಿ ಪ್ರೊಸೀಜರಿನ ಎದುರು ‘ಓದುವ ಚರ, ಬದಲಿಸುವ ಚರ’ ಎಂದು ಎರಡು ಕಾಲಂ ಬರೆದುಕೊಂಡು, ಅವನ್ನು ಒಳಗೆ ಕೊಡುವ, ಹಿಂದಕ್ಕೆ ಪಡೆಯುವ ಮೌಲ್ಯಗಳಾಗಿ ಮಾಡಬೇಕು. ದಾಖಲೆಯ ಕ್ರಮಸಂಖ್ಯೆಯನ್ನೇ ಚೀಟಿ ಸಂಖ್ಯೆಯಾಗಿ ಬಳಸಿದ್ದಾರೆಯೇ ಎಂದೂ ನೋಡಿ, ಒಮ್ಮೆ ಪ್ಯಾಕ್ ಆದರೆ ಆ ಸಂಖ್ಯೆ ಬದಲಾಗುತ್ತದೆ. 1950ಕ್ಕಿಂತ ಹಿಂದಿನ ದಿನಾಂಕಗಳನ್ನು ಬೇರೆ ತೆಗೆಯಿರಿ. ಎರಡಂಕಿಯ ವರ್ಷ ಯಾವ ಶತಮಾನದ್ದೆಂದು ತಿಳಿಸುವ ‘ಸೆಟ್ ಎಪೋಕ್’ ಅನ್ನು ಕ್ಲಿಪ್ಪರಿಗೆ ಹೇಳದಿದ್ದರೆ ವರ್ಷ 05 ಎಂದು ಹೊಡೆದದ್ದು 1905 ಆಗಿ ಕೂತಿರುತ್ತದೆ.

ಇದಕ್ಕೆಲ್ಲ ಮೊದಲು ಫೈಲು ಗಟ್ಟಿಯಿದೆಯೇ ಎಂದು ನೋಡಿ, ಎರಡು ನಿಮಿಷದ ಕೆಲಸ. ಬೈಟುಗಳನ್ನು ಸೊನ್ನೆಯಿಂದ ಎಣಿಸಿದರೆ ಫೈಲಿನ ತಲೆಭಾಗವಾದ ಹೆಡರಿನ 4ರಿಂದ 7ರಲ್ಲಿ ದಾಖಲೆಗಳ ಸಂಖ್ಯೆ, 8-9ರಲ್ಲಿ ಹೆಡರಿನ ಉದ್ದ, 10-11ರಲ್ಲಿ ಒಂದು ದಾಖಲೆಯ ಉದ್ದ ಇರುತ್ತದೆ, ಚಿಕ್ಕ ಬೈಟು ಮೊದಲು. ದಾಖಲೆ 18,240, ಉದ್ದ 96, ಹೆಡರ್ 481 ಎಂದಾದರೆ ಫೈಲಿನ ಗಾತ್ರ 17,51,521 ಬೈಟು, ಕೊನೆಯ ಗುರುತು ಸೇರಿದರೆ ಇನ್ನೊಂದು. ಗಾತ್ರ ಇದಕ್ಕಿಂತ ಕಡಿಮೆಯಿದ್ದರೆ ಕರೆಂಟು ಹೋದಾಗಲೋ ಏನೋ ಬಾಲ ತುಂಡಾಗಿದೆ.

ಪ್ರಶ್ನೆ: ನಮ್ಮ ಸಂಘದ ಸದಸ್ಯರ ಹೆಸರು ಹಳೆ ಪ್ರೋಗ್ರಾಮಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಇವೆ. ಹೊಸದಕ್ಕೆ ತಂದರೆ ಕನ್ನಡ ಇಂಗ್ಲಿಷ್ ಚಿತ್ತಾರವಾಗುತ್ತದೆ. ಅಂತರ್ಜಾಲದ ಕನ್ವರ್ಟರಿಗೆ ಹಾಕಿದರೆ ಕೆಲವು ಹೆಸರು ಸರಿ, ಕೆಲವು ತಪ್ಪು. ಕೆಲವು ಕೊನೆಯಲ್ಲಿ ಕತ್ತರಿಸಿಹೋಗುತ್ತವೆ.
— ಗುಮಾಸ್ತೆ, ಉಪ್ಪಳ

ಉತ್ತರ: ನಿಮ್ಮ ಹಳೆ ಡೇಟಾ ಯಾವ ಜಾತಿಯದು ಎಂದು ಮೊದಲು ಗುರುತಿಸಬೇಕು. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಚಿಹ್ನೆ (£) ಕಂಡರೆ ಅದು ನುಡಿ-ಬರಹ ಬಗೆಯ ಫಾಂಟಿನ ಡೇಟಾ. ಅಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ಚೂರುಗಳು. ಡಾಸ್ ಕಾಲದಲ್ಲಿ ಸಿಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸಿ ಕನ್ನಡ ಹೊಡೆದಿದ್ದರೆ ಅದು ಇಸ್ಕಿ, ಅಂದರೆ ಭಾರತೀಯ ಲಿಪಿಗಳ ಹಳೆ ಸಂಕೇತ ಪದ್ಧತಿ. ಬೈಟುಗಳೆಲ್ಲ 160ರ ಮೇಲೆಯೇ ಇರುತ್ತವೆ, ‘ಕ’ 179 ಆಗಿರುತ್ತದೆ. ಇಸ್ಕಿಯಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲೇ ಇರುವುದರಿಂದ ಒಂದು ಕೋಷ್ಟಕ ಹಿಡಿದು ಯೂನಿಕೋಡಿಗೆ ಇಳಿಸಬಹುದು. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಸಂಖ್ಯೆ, ಮಲಯಾಳದ ‘ಕ’ವೂ 179. ಆ ಫೀಲ್ಡು ಯಾವ ಲಿಪಿಯದೆಂದು ಪ್ರೋಗ್ರಾಮಿಗೆ ನೀವೇ ಹೇಳಬೇಕು.

ಕಷ್ಟ ಇರುವುದು ಫಾಂಟಿನ ಡೇಟಾದಲ್ಲಿ. ‘ಶರ್ಮ’ ಎಂಬುದು ಅಲ್ಲಿ ಶ, ಮ, ಆಮೇಲೆ ಅರ್ಕಾವತ್ತು ಎಂದಿರುತ್ತದೆ. ಯೂನಿಕೋಡಿನಲ್ಲಿ ರ, ಹಲಂತ, ಮ ಎಂಬ ಕ್ರಮ ಬೇಕು. ಅಗ್ಗದ ಕನ್ವರ್ಟರುಗಳು ಅರ್ಕಾವತ್ತನ್ನು ಒಂದೇ ಚೂರು ಹಿಂದಕ್ಕೆ ಜರುಗಿಸುತ್ತವೆ. ‘ಶರ್ಮ’ ಸರಿಬರುತ್ತದೆ, ‘ಅರ್ಘ್ಯ’ ಕೆಡುತ್ತದೆ, ಏಕೆಂದರೆ ಅಲ್ಲಿ ಘ, ಅದರ ಒತ್ತು ಯ, ಎರಡನ್ನೂ ದಾಟಬೇಕು. ಗುಣಿತ ಚಿಹ್ನೆಯೂ ಅಷ್ಟೇ: ಅಲ್ಲಿ ಒತ್ತಿಗೆ ಮೊದಲು ಬಂದಿರುತ್ತದೆ, ಇಲ್ಲಿ ಒತ್ತಿನ ನಂತರ ಹೋಗಬೇಕು. ಪರೀಕ್ಷೆಗೆ ಕನ್ವರ್ಟರಿಗೆ ಸಾವಿರ ಹೆಸರು ಕೊಡಬೇಡಿ, ಈ ಹತ್ತನ್ನು ಕೊಡಿ: ಶರ್ಮ, ಅರ್ಘ್ಯ, ಸೂರ್ಯ, ಲಕ್ಷ್ಮೀ, ಕೃಷ್ಣ, ಜ್ಯೋತಿ, ಶ್ರೀ, ಸುಬ್ರಹ್ಮಣ್ಯ, ಪ್ರೇಮ, ತ್ರಿವೇಣಿ. ಹತ್ತೂ ಸರಿಬಂದರೆ ಮುಂದುವರಿಯಿರಿ.

ಹೆಸರು ಕತ್ತರಿಸಿಹೋಗುವುದಕ್ಕೆ ಕಾರಣ ಅಗಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ‘ಸುಬ್ರಹ್ಮಣ್ಯ’ದಲ್ಲಿ ಒತ್ತು, ಗುಣಿತ ಬಿಡಿಸಿದರೆ 11 ಸಂಕೇತ, 33 ಬೈಟು. ಹಳೆಯ 30ರ ಅಗಲವನ್ನೇ ಬೈಟಿನ ಲೆಕ್ಕದಲ್ಲಿ ಇಟ್ಟರೆ ‘ಸುಬ್ರಹ್ಮಣ್’ ಎಂದು ನಿಲ್ಲುತ್ತದೆ. ಹೊಸ ಕಾಲಂ ಬೈಟಿನದೋ ಅಕ್ಷರದ್ದೋ ಎಂದು ನೋಡಿ, ಬೈಟಿನದಾದರೆ ನಾಲ್ಕು ಪಟ್ಟು ಅಗಲ ಕೊಡಿ.

ಕಾಸರಗೋಡಿನ ಕಡೆಯವರಿಗೆ ಮಾತ್ರ ಬರುವ ಇನ್ನೊಂದು ತೊಡಕಿದೆ. ಮಲಯಾಳದ ಚಿಲ್ಲಕ್ಷರಗಳಿಗೆ, ಅಂದರೆ ಸ್ವರವಿಲ್ಲದ ನ, ರ, ಲ, ಳ, ಣ, ಕ ಎಂಬ ಆರಕ್ಕೆ, 2008ರ ಯೂನಿಕೋಡ್ 5.1ರಲ್ಲಿ ಸ್ವಂತ ಸಂಕೇತ ಬಂತು. ಅದಕ್ಕೆ ಮೊದಲು ವ್ಯಂಜನ, ಹಲಂತ, ಅದೃಶ್ಯ ಜೋಡಕ ಎಂದು ಮೂರು ಸೇರಿಸಿ ಬರೆಯುತ್ತಿದ್ದರು. ಎರಡೂ ಕಣ್ಣಿಗೆ ಒಂದೇ, ಹುಡುಕಿದರೆ ಬೇರೆ. ಹಾಗಾಗಿ ಒಬ್ಬರೇ ಸದಸ್ಯರು ಎರಡು ಸಲ ಪಟ್ಟಿಯಲ್ಲಿ ಬರುತ್ತಾರೆ. ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಮೀಕರಣ ಕನ್ನಡದ ಕೊ, ಕೋ, ಕೀಗಳ ಎರಡು ಬಗೆಯನ್ನು ಒಂದು ಮಾಡುತ್ತದೆ, ಚಿಲ್ಲನ್ನು ಮಾಡುವುದಿಲ್ಲ. ಆ ಆರು ಅಕ್ಷರಗಳನ್ನು ಕೈಯಿಂದ ಬರೆದ ಕೋಷ್ಟಕದಲ್ಲಿ ಹೊಸ ಸಂಕೇತಕ್ಕೆ ತಿರುಗಿಸಿ. ಕನ್ನಡದ ‘ರ್‍ಯಾಂಕ್’ನಲ್ಲೂ ಅದೇ ಅದೃಶ್ಯ ಜೋಡಕ ಇರುತ್ತದೆ, ಹುಡುಕುವ ಕೀಲಿಯಿಂದ ಅದನ್ನು ತೆಗೆಯಿರಿ. ಮುದ್ರಿಸುವ ಹೆಸರಿನಿಂದ ತೆಗೆಯಬೇಡಿ.

ಪ್ರಶ್ನೆ: ನಮ್ಮ ಕಡೆ ಕಬ್ಬಿನ ಗಾಡಿ ತೂಗೋ ವಜನ ಕಾಟಾದ ಪ್ರೋಗ್ರಾಮ್ ವಿಬಿ (ವಿಷುಯಲ್ ಬೇಸಿಕ್) 6ರೊಳಗ ಐತ್ರಿ. ಸಿ ಶಾರ್ಪ್‌ಗೆ ಬದಲ್ ಮಾಡಾಕ ಹತ್ತೇವಿ. ಹೊಸಾದ್ರಾಗ ಒಮ್ಮೊಮ್ಮೆ ಅರ್ಧಾ ವಜನ ಬರ್ತೈತಿ, ಒಮ್ಮೊಮ್ಮೆ ನಡಕ ಕಸಾ ಅಕ್ಷರ ಬರ್ತಾವು. ಹಳೇದ್ರಾಗ ಹಿಂಗ ಆಗ್ತಿರಲಿಲ್ಲ.
— ಕಾಟಾ ಆಪರೇಟರ್, ಜತ್ತ

ಉತ್ತರ: ಕಸದ ಅಕ್ಷರಗಳನ್ನು ಸ್ವಲ್ಪ ಗಮನಿಸಿ ನೋಡಿ. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಮಾತ್ರ ಕೆಡುತ್ತಿದ್ದರೆ ತೂಕ ತೋರಿಸುವ ಇಂಡಿಕೇಟರು ಕಳಿಸುತ್ತಿರುವುದು ಏಳು ಬಿಟ್, ಈವನ್ ಪ್ಯಾರಿಟಿ (ಒಂದುಗಳ ಎಣಿಕೆ ಸಮವಾಗುವಂತೆ ಸೇರಿಸುವ ತಪಾಸಣೆಯ ಬಿಟ್). ನೀವು ಓದುತ್ತಿರುವುದು ಎಂಟು ಬಿಟ್, ಪ್ಯಾರಿಟಿ ಇಲ್ಲದೆ. ಆ ಐದು ಅಂಕಿಗಳ ಸಂಕೇತದಲ್ಲಿ ಒಂದುಗಳ ಎಣಿಕೆ ಬೆಸ, ಅದಕ್ಕೇ ಎಂಟನೆಯ ಬಿಟ್ ಹೊತ್ತಿಕೊಳ್ಳುತ್ತದೆ. ಹಳೆ ಮೂಲದಲ್ಲಿ ಸೀರಿಯಲ್ ಪೋರ್ಟ್ ಓದುವ ಎಂಎಸ್‌ಕಾಮ್ ಕಂಟ್ರೋಲಿನ ‘ಸೆಟ್ಟಿಂಗ್ಸ್’ ಎಂಬ ಸಾಲು ಹುಡುಕಿ. ವೇಗ, ಪ್ಯಾರಿಟಿ, ಬಿಟ್, ಸ್ಟಾಪ್ ಬಿಟ್ ನಾಲ್ಕೂ ಅಲ್ಲೇ ಬರೆದಿರುತ್ತದೆ, ಹಾಗೇ ಎತ್ತಿಕೊಳ್ಳಿ.

ಅರ್ಧ ತೂಕಕ್ಕೆ ಕಾರಣ ಬೇರೆ. ಸೀರಿಯಲ್ ಪೋರ್ಟ್ ‘ಡೇಟಾ ಬಂತು’ ಎಂದರೆ ಪೂರ್ತಿ ಬಂತೆಂದು ಅರ್ಥವಲ್ಲ. ಸಿ ಶಾರ್ಪ್‌ನಲ್ಲಿ ‘ರೀಡ್ ಎಕ್ಸಿಸ್ಟಿಂಗ್’ ಆ ಕ್ಷಣಕ್ಕೆ ಬಂದಷ್ಟನ್ನೇ ಕೊಡುತ್ತದೆ. ಬಂದದ್ದನ್ನೆಲ್ಲ ಒಂದು ಬಫರಿನಲ್ಲಿ ಕೂಡಿಸುತ್ತಾ ಹೋಗಿ, ಕೊನೆಯ ಗುರುತು (ಹೆಚ್ಚಾಗಿ 13 ಅಥವಾ 3) ಸಿಕ್ಕಾಗ ಮಾತ್ರ ಒಂದು ತೂಕ ಎಂದು ಹಿಡಿಯಿರಿ. ಉದ್ದ ಹೊಂದದಿದ್ದರೆ ಎಸೆಯಿರಿ. ಒಂದರ ಹಿಂದೊಂದು ಐದು ಸಲ ಅದೇ ತೂಕ ಬಂದ ಮೇಲೆ ದಾಖಲಿಸಿ, ಗಾಡಿ ಅಲುಗುತ್ತಿರುವಾಗಿನದ್ದನ್ನಲ್ಲ. ಸಿ ಶಾರ್ಪ್‌ನಲ್ಲಿ ಆ ಘಟನೆ ಬೇರೆ ಥ್ರೆಡ್ಡಿನಲ್ಲಿ ಬರುತ್ತದೆ, ಪರದೆಗೆ ಬರೆಯುವ ಮುನ್ನ ‘ಇನ್‌ವೋಕ್’ ಬೇಕು.

ವಿಬಿ 6ರದ್ದೇ ಆದ, ಎಡವುವ ಜಾಗಗಳು ಇನ್ನಷ್ಟಿವೆ. ಪ್ಯಾರಾಮೀಟರುಗಳು ಅಲ್ಲಿ ಸುಮ್ಮನಿದ್ದರೆ ಬೈರೆಫ್, ಅಂದರೆ ಒಳಗೆ ಬದಲಿಸಿದರೆ ಹೊರಗೂ ಬದಲಾಗುತ್ತವೆ. ಇಂಟಿಜರ್ 32,767ಕ್ಕೆ ಮುಗಿಯುತ್ತದೆ. ಕಿಲೋದಲ್ಲಿ 32 ಟನ್ನಿಗೆ ಸ್ವಲ್ಪ ಹೆಚ್ಚು. ಅದಕ್ಕಾಗಿ ಯಾರಾದರೂ ತೂಕವನ್ನು ಹತ್ತರಿಂದ ಭಾಗಿಸಿ ಇಟ್ಟಿದ್ದಾರೆಯೇ ನೋಡಿ. ಅಕ್ಷರಗಳನ್ನು ಸಂಖ್ಯೆ ಮಾಡುವ ‘ವ್ಯಾಲ್’ ಫಂಕ್ಷನಿಗೆ 1,250 ಎಂದು ಅಲ್ಪವಿರಾಮ ಸಮೇತ ಕೊಟ್ಟರೆ 1 ಎನ್ನುತ್ತದೆ, ಖಾಲಿ ಕೊಟ್ಟರೆ 0 ಎನ್ನುತ್ತದೆ, ಎಂದೂ ದೂರುವುದಿಲ್ಲ. ತಪ್ಪಾದರೂ ಮುಂದಿನ ಸಾಲಿಗೆ ಹೋಗು ಎನ್ನುವ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಇರುವ ಪ್ರತಿ ಜಾಗದಲ್ಲೂ ಯಾವ ತಪ್ಪನ್ನು ನುಂಗುತ್ತಿದ್ದರು ಎಂದು ಕಂಡುಹಿಡಿಯದೆ ಮುಂದೆ ಹೋಗಬೇಡಿ. ಅಂದಹಾಗೆ ಅವಸರವಿಲ್ಲ. ವಿಬಿ 6 ಬಂದದ್ದು 1998ರಲ್ಲಿ, ಅದರ ಬೆಂಬಲ ನಿಂತದ್ದು 2008ರ ಏಪ್ರಿಲಿನಲ್ಲಿ. ಆದರೂ ಅದರ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಕಬ್ಬಿನ ಹಂಗಾಮು ನಡೆಯುವಾಗ ಬದಲಿಸುವುದು ಬೇಡ.

ಪ್ರಶ್ನೆ: ಬಿಡಿಭಾಗಗಳ ಒತ್ತಡ ಲೆಕ್ಕಹಾಕುವ ಫೋರ್ಟ್ರಾನ್ 77 ಪ್ರೋಗ್ರಾಮನ್ನು ಪೈಥಾನಿಗೆ ತರಬೇಕಾಗಿದೆ. ಸುಮಾರು 6,000 ಸಾಲು. ಉತ್ತರಗಳು ಐದಾರನೆಯ ಅಂಕಿಯಲ್ಲಿ ಬೇರೆಯಾಗುತ್ತಿವೆ.
— ಎಂಜಿನಿಯರ್, ಹೊಸೂರು

ಉತ್ತರ: ತರಲೇಬೇಕೇ? ಜಿಫೋರ್ಟ್ರಾನ್ ಕಂಪೈಲರು ಉಚಿತ, ಪೈಥಾನಿನ ಲೆಕ್ಕದ ಲೈಬ್ರರಿಯಾದ ನಂಪೈ ಜೊತೆ ಬರುವ ಎಫ್2ಪೈ ಆ ಫೋರ್ಟ್ರಾನ್ ರೂಟೀನುಗಳನ್ನೇ ಪೈಥಾನಿನಿಂದ ಕರೆಯಲು ದಾರಿ ಮಾಡಿಕೊಡುತ್ತದೆ. ಪರದೆ, ಫೈಲು, ವರದಿ ಪೈಥಾನಿನಲ್ಲಿರಲಿ, ಲೆಕ್ಕ ಇದ್ದಲ್ಲೇ ಇರಲಿ. 6,000 ಸಾಲಿಗೆ ನಾವು ಕೊಡುವ ಸಲಹೆ ಇದೇ.

ತರುವುದೇ ಆದರೆ: ಫೋರ್ಟ್ರಾನಿನ ಸಾಮಾನ್ಯ ರಿಯಲ್ (ದಶಮಾಂಶ ಸಂಖ್ಯೆ) ಏಳಂಕಿ ನಿಖರತೆಯದು, ಪೈಥಾನಿನ ಫ್ಲೋಟ್ ಹದಿನೈದು-ಹದಿನಾರು ಅಂಕಿಯದು. ಐದಾರನೆಯ ಅಂಕಿಯ ವ್ಯತ್ಯಾಸ ಬಹುಶಃ ಇದರಿಂದ, ಹೊಸದೇ ಹೆಚ್ಚು ಸರಿ ಇರಬಹುದು. ಖಾತ್ರಿಗೆ ಫೋರ್ಟ್ರಾನನ್ನು ಡಬಲ್ ಪ್ರಿಸಿಶನ್‌ನಲ್ಲಿ ಕಂಪೈಲ್ ಮಾಡಿ ಹೋಲಿಸಿ. ಘೋಷಿಸದ ಹೆಸರು ಐಯಿಂದ ಎನ್‌ವರೆಗಿನ ಅಕ್ಷರದಿಂದ ಶುರುವಾದರೆ ಪೂರ್ಣಾಂಕ. ಅಂಥ ಎರಡನ್ನು ಭಾಗಿಸಿದರೆ ದಶಮಾಂಶ ಹಾರಿಹೋಗುತ್ತದೆ, ಪೈಥಾನಿನ ‘/’ ಅದನ್ನು ಉಳಿಸಿಕೊಳ್ಳುತ್ತದೆ. ಬದಲಿಗೆ ‘//’ ಹಾಕಿದರೆ ಋಣ ಸಂಖ್ಯೆಯಲ್ಲಿ ಎಡವುತ್ತೀರಿ: −7ನ್ನು 2ರಿಂದ ಭಾಗಿಸಿದರೆ ಫೋರ್ಟ್ರಾನ್ −3, ಪೈಥಾನ್ −4. ಫೋರ್ಟ್ರಾನಿನ ಎರಡು ಆಯಾಮದ ಅರೇಗಳಲ್ಲಿ ಮೊದಲ ಸೂಚಿ ಬೇಗ ಓಡುತ್ತದೆ, ನಂಪೈಯಲ್ಲಿ ಸುಮ್ಮನಿದ್ದರೆ ಕೊನೆಯದು. 72ನೆಯ ಕಾಲಮಿನ ಆಚೆ ಬರೆದದ್ದನ್ನು ಹಳೆ ಕಂಪೈಲರು ಓದುವುದೇ ಇಲ್ಲ, ನಿಮ್ಮ ಕಣ್ಣು ಓದುತ್ತದೆ.

ಪ್ರಶ್ನೆ: ಕೋಬಾಲ್ ಈಗ ಕಲಿತರೆ ಪ್ರಯೋಜನವುಂಟೇ?
— ವಿದ್ಯಾರ್ಥಿ, ತಾಳವಾಡಿ

ಉತ್ತರ: ಬರೆಯುವುದಕ್ಕಿಂತ ಓದಲು ಕಲಿಯಿರಿ. ಮುಖ್ಯವಾಗಿ ಡೇಟಾದ ಆಕಾರ ಹೇಳುವ ‘ಪಿಕ್’ ಸಾಲುಗಳನ್ನು. ‘ಎಸ್9(7)ವಿ99 ಕಾಂಪ್-3’ ಎಂದರೆ ಚಿಹ್ನೆ ಸಹಿತ ಒಂಬತ್ತು ಅಂಕಿ, ಕೊನೆಯ ಎರಡು ಪೈಸೆ, ಬೈಟಿಗೆ ಎರಡರಂತೆ ಒತ್ತಿ ಐದು ಬೈಟಿನಲ್ಲಿ. ಬಿಂದು ಎಲ್ಲೂ ಬರೆದಿರುವುದಿಲ್ಲ, ಚಿಹ್ನೆ ಕೊನೆಯ ಅರ್ಧ ಬೈಟಿನಲ್ಲಿ. ‘ರೌಂಡೆಡ್’ ಎಂದು ಹೇಳದ ಲೆಕ್ಕದಲ್ಲಿ ಉಳಿದ ಪೈಸೆ ಕತ್ತರಿಸಿಹೋಗುತ್ತದೆ, ಮೇಲಕ್ಕೇರುವುದಿಲ್ಲ. ಇಷ್ಟು ಗೊತ್ತಿರುವವರು ಬ್ಯಾಂಕ್ ಡೇಟಾವನ್ನು ಜಾವಾಕ್ಕೆ ತರುವ ತಂಡಗಳಿಗೆ ಬೇಕು.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ, ಎಐಗೆ ಪೂರ್ತಿ ಪ್ರೋಗ್ರಾಮು ಕೊಟ್ಟರೆ ಅದೇ ಬರೆದುಕೊಡುವುದಿಲ್ಲವೇ?
— ಬಿಸಿಎ ವಿದ್ಯಾರ್ಥಿನಿ, ಮಡಕಶಿರ

ಉತ್ತರ: ಬರೆದುಕೊಡುತ್ತದೆ, ಓಡುತ್ತದೆ ಕೂಡ. ಅದೇ ತೊಂದರೆ. ಮೇಲಿನ ಅಡಿಕೆ ಅಂಗಡಿಯ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ‘ಸೆಟ್ ಎಕ್ಸಾಕ್ಟ್’ ಎಂಬ ಸಾಲು ಮುಖ್ಯ ಫೈಲಿನಲ್ಲಿ ಒಮ್ಮೆ ಇರುತ್ತದೆ, ಅಥವಾ ಇರುವುದೇ ಇಲ್ಲ. ನೀವು ಕೊಟ್ಟದ್ದು ಬಾಕಿ ತೆಗೆಯುವ ಫೈಲು ಮಾತ್ರವಾದರೆ ಎಐ ಸಮ ಚಿಹ್ನೆಯನ್ನು ‘==’ ಎಂದು ಬರೆದು ಮುಗಿಸಬಹುದು. ಇನ್ನೊಂದು ಅಭ್ಯಾಸ: ಹಳೆಯದರಲ್ಲಿ ತಪ್ಪೆಂದು ಕಂಡದ್ದನ್ನು ಹೇಳದೆ ತಿದ್ದಿಬಿಡುವುದು. ಆ ‘ತಪ್ಪು’ ಯಾರೋ ಬೇಕೆಂದೇ ಬರೆಸಿದ ವಿನಾಯಿತಿ ಆಗಿರಬಹುದು.

ಉಪಯೋಗಿಸುವ ಬಗೆ ಹೀಗೆ. ಒಂದು ಸಲಕ್ಕೆ ಒಂದು ಪ್ರೊಸೀಜರು, ಇನ್ನೂರು ಸಾಲಿಗೆ ಮೀರದಂತೆ. ಜೊತೆಗೆ ಡಿಬಿಎಫ್ ಫೀಲ್ಡುಗಳ ಪಟ್ಟಿ, ಎಲ್ಲ ‘ಸೆಟ್’ ಸಾಲುಗಳು, ಹೊರಗಿನಿಂದ ಬರುವ ಚರಗಳು. ಮೊದಲು ಅನುವಾದ ಕೇಳಬೇಡಿ, ‘ಇದು ಏನು ಮಾಡುತ್ತದೆ, ಯಾವ ಇನ್‌ಪುಟ್‌ಗೆ ವಿಚಿತ್ರವಾಗಿ ನಡೆಯುತ್ತದೆ’ ಎಂದು ಕೇಳಿ. ಆ ಇನ್‌ಪುಟ್‌ಗಳನ್ನು ಹಳೆ ಪ್ರೋಗ್ರಾಮಿಗೇ ಹಾಕಿ ಉತ್ತರ ಬರೆದಿಟ್ಟುಕೊಳ್ಳಿ. ಆಮೇಲೆ ಸಾಲಿಗೆ ಸಾಲು ಅನುವಾದ, ಅದೇ ಹೆಸರುಗಳಲ್ಲಿ, ಚಂದ ಮಾಡದೆ. ಅಂದಗೊಳಿಸುವುದು ಉತ್ತರಗಳು ಹೊಂದಿದ ಮೇಲೆ. ಸಾಲಿಗೆ ಸಾಲು ಎಂದರೆ ಮೂಗು ಮುರಿಯುವವರಿಗೆ: 2025ರಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟಿನ ಕಂಪೈಲರನ್ನು ಗೋ ಭಾಷೆಗೆ ತರುವುದಾಗಿ ಹೇಳಿದಾಗ ಗೋ ಆರಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಹಳೆ ಕೋಡಿನ ರಚನೆಯನ್ನು ಹಾಗೇ ಉಳಿಸಿಕೊಳ್ಳಬಹುದು ಎಂಬುದೇ. ಗಿರಾಕಿಗಳ ಹೆಸರು, ಫೋನು, ಬಾಕಿ ಇರುವ ನಿಜ ಡೇಟಾವನ್ನು ಮಾತ್ರ ಅಲ್ಲಿಗೆ ಹಾಕಬೇಡಿ.

ಪ್ರಶ್ನೆ: ಟವೆಲ್, ಚಾದರದ ಸಗಟು ಅಂಗಡಿಯ ಲೆಕ್ಕ ಫಾಕ್ಸ್‌ಪ್ರೋದಿಂದ ಹೊಸದಕ್ಕೆ ಬಂದಿದೆ. ಹಳೆಯದನ್ನು ಎಷ್ಟು ದಿನ ಜೊತೆಗೆ ನಡೆಸಬೇಕು? ಎರಡು ಸಲ ಬರೆಯಲು ಹುಡುಗಿಯರು ಒಪ್ಪುತ್ತಿಲ್ಲ.
— ಅಂಗಡಿಯ ಲೆಕ್ಕ ನೋಡುವವರು, ಅಕ್ಕಲಕೋಟೆ

ಉತ್ತರ: ಒಪ್ಪದಿರುವುದು ನ್ಯಾಯವೇ. ಎರಡು ಸಲ ಬರೆಸದೆಯೂ ಬಹಳಷ್ಟು ಪರೀಕ್ಷಿಸಬಹುದು. ಹೋದ ವರ್ಷದ ಏಪ್ರಿಲ್ 1ರ ಆರಂಭದ ಬಾಕಿ ಹೊಸದಕ್ಕೆ ಕೊಟ್ಟು, ಇಡೀ ವರ್ಷದ ನಮೂದುಗಳನ್ನು ಹಳೆ ಫೈಲಿನಿಂದಲೇ ದಿನದ ಕ್ರಮದಲ್ಲಿ ಹಾಯಿಸಿ. ಪ್ರತಿ ದಿನದ ಕೊನೆಗೆ ಎರಡರ ಖಾತೆವಾರು ಬಾಕಿಯನ್ನೂ ಸಿಎಸ್‌ವಿಗೆ ತೆಗೆದು, ಖಾತೆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಹೋಲಿಸಿ. ಮೊದಲ ವ್ಯತ್ಯಾಸ ಬಂದ ದಿನಕ್ಕೇ ನಿಲ್ಲಿ. ಅದರ ಮುಂದಿನವು ಹೆಚ್ಚಾಗಿ ಅದರ ಮಕ್ಕಳು.

ಹಳೆಯದರ ತಪ್ಪು ಸಿಕ್ಕಿದರೆ ಹೊಸದರಲ್ಲೂ ಸದ್ಯಕ್ಕೆ ಹಾಗೇ ಇಡಿ. ಎಲ್ಲ ಹೊಂದಿದ ಮೇಲೆ ಒಂದು ತಾರೀಖು ಗೊತ್ತುಮಾಡಿ ತಿದ್ದಿ, ಆ ತಾರೀಖನ್ನು ಬರೆದಿಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ವ್ಯತ್ಯಾಸ ತಿದ್ದಿದ್ದರಿಂದ ಬಂತು, ಯಾವುದು ಅನುವಾದ ಕೆಟ್ಟಿದ್ದರಿಂದ ಎಂದು ಬಿಡಿಸಲಾಗುವುದಿಲ್ಲ.

ಜೊತೆಯಾಗಿ ನಡೆಸುವುದು ಎರಡು ತಿಂಗಳ ಕೊನೆ, ಒಂದು ಮಾರ್ಚ್ 31. ವರ್ಷದ ಮುಕ್ತಾಯದ ಭಾಗ ವರ್ಷಕ್ಕೊಮ್ಮೆ ಮಾತ್ರ ಓಡುವುದರಿಂದ ಯಾರೂ ಪರೀಕ್ಷಿಸದ ಸಾಲುಗಳು ಅಲ್ಲಿಯೇ ಹೆಚ್ಚು. ಆಮೇಲೂ ಹಳೆ ಫೋಲ್ಡರನ್ನು ಅಳಿಸಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಡಿಬಿಎಫ್, ಮೆಮೊ (ಉದ್ದ ಟಿಪ್ಪಣಿ) ಇರುವ ಎಫ್‌ಪಿಟಿ, ಇಂಡೆಕ್ಸ್, ಇಎಕ್ಸ್‌ಇ, ಫಾಕ್ಸ್‌ಪ್ರೋ ರನ್‌ಟೈಮ್ ಎಲ್ಲ ಒಂದೇ ಫೋಲ್ಡರಿನಲ್ಲಿ, ಓದಲು ಮಾತ್ರ ಎಂಬ ಗುರುತಿನಲ್ಲಿ, ಎರಡು ಕಡೆ. ಬೇಕಾದಾಗ ಅದರ ಒಂದು ನಕಲನ್ನು ತೆರೆಯಿರಿ. ಆರು ತಿಂಗಳಿಗೊಮ್ಮೆ ಹಾಗೆ ತೆರೆದು ಯಾವುದಾದರೂ ಒಂದು ಹಳೆ ಬಿಲ್ಲು ಮುದ್ರಿಸಿ ನೋಡಿ.